ಹೊರಗೆ ಕೂತವರನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದ ಶಾಲಿನಿ

ಬೆಳಗಿನ ಆರು ಗಂಟೆ. ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಆಶಾ ಕಾರ್ಯಕರ್ತೆ ಶಾಲಿನಿ ಆಗಲೇ ಮನೆಮನೆ ಸುತ್ತಲು ಹೊರಟಿದ್ದಾರೆ. ಕಂಕುಳಲ್ಲಿ ದಾಖಲೆ ಪುಸ್ತಕವಿದೆ, ಕಣ್ಣು ಮಾತ್ರ ಜಗಲಿಗಳ ಮೇಲೆ. ವಯಸ್ಸಾದ ಹೆಂಗಸು ಒಲೆ ಬಿಟ್ಟು, ಬೇರೆ ತಟ್ಟೆ ಲೋಟ ಇಟ್ಟುಕೊಂಡು ಹೊರಗೆ ಕೂತಿದ್ದರೆ ಶಾಲಿನಿ ಮುಂದಿನ ಮನೆಗೆ ಹೋಗುವುದೇ ಇಲ್ಲ.

ಅರವತ್ತೆರಡರ ಗುಡ್ಡಮ್ಮ ಸಿಕ್ಕಿದ್ದೂ ಹಾಗೆಯೇ. "ಏನಿಲ್ಲ ಮಾರಾಯ್ತಿ, ನಿಂತು ಹತ್ತು ವರ್ಷ ಆಗಿತ್ತು, ಈಗ ಮತ್ತೆ ಹೊರಗಾಗೀನಿ. ಮೂರು ದಿನ ಕೂತು ಸ್ನಾನ ಮಾಡಿದ್ರೆ ಆಯ್ತು" ಎಂದು ನಾಚುತ್ತಲೇ ಹೇಳಿದ್ದರು.

"ನಿಂತಿದ್ದು ಮತ್ತೆ ಬರಲ್ಲ ದೊಡ್ಡಮ್ಮ. ಇದು ಮುಟ್ಟು ಅಲ್ಲ, ಡಾಕ್ಟ್ರಿಗೆ ತೋರಿಸ್ಲೇಬೇಕು" ಎಂದು ಪಟ್ಟು ಹಿಡಿದರು ಶಾಲಿನಿ.

ಆ ಹಟಕ್ಕೆ ಕಾರಣವಿದೆ. ಅವರು ಆಶಾ ಆಗುವ ಮೊದಲು ಅವರ ಅತ್ತೆಯೂ ಹೀಗೇ ಹೊರಗೆ ಕೂರುತ್ತಿದ್ದರು. ಜಗಲಿಗೆ ಊಟ ತಂದಿಡುತ್ತಿದ್ದವರು ಶಾಲಿನಿಯೇ. ಉಷ್ಣವಿರಬೇಕೆಂದು ಎಳನೀರನ್ನೂ ಕೊಟ್ಟರು. ಎಂಟು ತಿಂಗಳ ಮೇಲೆ ಆಸ್ಪತ್ರೆಗೆ ಒಯ್ದಾಗ ಗರ್ಭಕೋಶದ ಕ್ಯಾನ್ಸರ್ ಕೈಮೀರಿತ್ತು. "ಗೊತ್ತಿರ್ಲಿಲ್ಲ ಕಣ್ರೀ, ನಂಗೂ ಗೊತ್ತಿರ್ಲಿಲ್ಲ" ಎನ್ನುತ್ತಾರೆ.

ಶಿಕಾರಿಪುರದಲ್ಲಿ ಸ್ಕ್ಯಾನ್ ಮಾಡಿದಾಗ ಗುಡ್ಡಮ್ಮನ ಗರ್ಭಕೋಶದ ಒಳಪದರ ದಪ್ಪಗಿರುವುದು ಕಂಡಿತು. ವೈದ್ಯೆ ಬಿಡಿಸಿ ಹೇಳಿದರು. ವಯಸ್ಸಿಗೆ ಒಳಭಾಗ ಒಣಗಿ ತೆಳುವಾದರೂ ರಕ್ತ ಕಾಣಬಹುದು, ಸಣ್ಣ ಗಡ್ಡೆಯಿದ್ದರೂ ಕಾಣಬಹುದು, ಕ್ಯಾನ್ಸರಿಗೂ ಅದೇ ಲಕ್ಷಣ. ಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಯಾವುದೆಂದು ಹೇಳಲಾಗದು. ಚೂರು ತೆಗೆದರೆ ಇಲ್ಲದ ರೋಗ ಎದ್ದೀತೆಂದು ಗುಡ್ಡಮ್ಮ ಎದ್ದೇ ನಿಂತರು. ಶಾಲಿನಿ ಕೈಹಿಡಿದು ಕೂರಿಸಿದರು, ಮುಗಿಯುವವರೆಗೂ ಪಕ್ಕ ಬಿಡಲಿಲ್ಲ.

ವರದಿಗೆ ಹತ್ತು ದಿನ. ಕೊನೆಗೆ ಬಂದದ್ದು ಒಳ್ಳೆಯ ಸುದ್ದಿ: ಕ್ಯಾನ್ಸರ್ ಅಲ್ಲ, ಪುಟ್ಟ ಗಡ್ಡೆ, ತೆಗೆಸಿದರೆ ಸಾಕು. ತೆಗೆಸಿಯೂ ಆಯಿತು. "ಇಷ್ಟಕ್ಕೆ ನಾಕು ಸಲ ಬಸ್ ಹತ್ತಿಸಿದ್ಯಲ್ಲೇ, ಜೀವ ಬಾಯಿಗೆ ಬಂದಿತ್ತು" ಎಂದು ಗುಡ್ಡಮ್ಮ ಈಗ ಎದುರು ಸಿಕ್ಕಾಗಲೆಲ್ಲ ಬೈಯುತ್ತಾರೆ.

ಆರು ವರ್ಷಗಳಲ್ಲಿ ಶಾಲಿನಿ ಹೀಗೆ ಕರೆದೊಯ್ದವರು ಹದಿನಾಲ್ಕು ಮಂದಿ. ಇಬ್ಬರಲ್ಲಿ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿತು, ಗರ್ಭಕೋಶ ತೆಗೆಸಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಉಳಿದ ಹನ್ನೆರಡು ಮಂದಿಯೂ ಸುಮ್ಮನೆ ಹೆದರಿಸಿದಳೆಂದು ಬೈದವರೇ. ಬೇಸರವಾಗುವುದಿಲ್ಲವೇ ಎಂದರೆ ಶಾಲಿನಿ ನಗುತ್ತಾರೆ.

"ಬೈಲಿ ಬಿಡ್ರೀ. ನಮ್ಮತ್ತೆ ಒಂದು ಸಲಾನೂ ಬೈಲಿಲ್ಲ. ಕೊಟ್ಟಿದ್ದು ಉಂಡು ಸುಮ್ನೆ ಕೂತಿದ್ರು."