ಮಸ್ಕಿಗೊಂದು ಕೋಲು

ಹೊಸ ಗಾಳದ ಕೋಲಿನ ಹಿಡಿಕೆಗೆ ಅದರದೇ ಒಂದು ವಾಸನೆ ಇರುತ್ತದೆ. ಕಾರ್ಕು, ಅದನ್ನು ಅಂಟಿಸಿದ ಗೋಂದು, ಮೇಲೆ ಸುತ್ತಿದ ಪ್ಲಾಸ್ಟಿಕ್ಕು ಎಲ್ಲ ಸೇರಿದ ವಾಸನೆ. ಹೋದ ಶನಿವಾರ ಕಲ್ಲಾಂಗ್‌ನ ಒಂದು ಅಂಗಡಿಯಲ್ಲಿ ಆ ಹಿಡಿಕೆಯನ್ನು ಮೂಗಿನ ಹತ್ತಿರ ತಂದವನಿಗೆ ಗಾಳ ಹಾಕಲು ಕಲಿಸಿದ ನಾಲ್ಕನೇ ಮಹಡಿಯ ಅಂಕಲ್ ಪಕ್ಕದಲ್ಲೇ ನಿಂತ ಹಾಗಾಯಿತು.

ಅಂಗಡಿ ನೋಡಿಕೊಳ್ಳುವ ಚೀನೀ ಆಂಟಿ, ಯಾವ ಮೀನಿಗೆ ಎಂದು ಕೇಳಿದರು. ಮಸ್ಕಿ ಎಂದೆ. ಆಫೀಸಿನವರು ಎರಡು ತಿಂಗಳ ಮಟ್ಟಿಗೆ ಕೆನಡಾಕ್ಕೆ ಕಳಿಸುತ್ತಿದ್ದಾರೆ. ಅಲ್ಲಿ ನನ್ನ ಕಾಲೇಜಿನ ಗೆಳೆಯನ ಮನೆ ಹತ್ತಿರದ ಸರೋವರದಲ್ಲಿ ಈ ಮೀನು ಸಿಗುತ್ತದೆ. ಆಳೆತ್ತರ ಬೆಳೆಯುವ, ಬಾಯಿ ತುಂಬ ಹಲ್ಲಿರುವ, ಸಿಟ್ಟಿನ ಮೀನು. ಅದಕ್ಕೆ ಸಾಮಾನ್ಯ ಕೋಲು ಸಾಲದು. ಆಂಟಿ ಮೂರು ಕೋಲು ತೆಗೆದು, ಮೇಲೆ ಅಚ್ಚಾದ ನಂಬರುಗಳನ್ನು ಓದಿ ಹೇಳತೊಡಗಿದರು. ನಾನು ಅವರನ್ನು ತಡೆದು, ಒಂದು ಬಾಟಲಿ ನೀರು ಇದೆಯೇ ಎಂದೆ. ದಾರದ ತುದಿಗೆ ಬಾಟಲಿ ಕಟ್ಟಿ ನೆಲದಿಂದ ನಿಧಾನಕ್ಕೆ ಎತ್ತಿ, ಕೋಲು ಎಲ್ಲಿ ಬಾಗುತ್ತದೆ ಎಂದು ನೋಡಿದೆ. ಒಂದೊಂದಕ್ಕೂ ಹಾಗೇ ಮಾಡಿದೆ.

“ವಾ, ಅಂಕಲ್! ಹೂ ಟೀಚ್ ಯೂ ಒನ್?” ಎಂದು ಆಂಟಿ ನಕ್ಕರು.

“ವಿಡಿಯೋ ನೋಡಿ ಕಲಿತೆ” ಎಂದುಬಿಟ್ಟೆ, ಇಂಗ್ಲಿಷಿನಲ್ಲಿ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ನಾಲ್ಕನೇ ಮಹಡಿಯ ಅಂಕಲ್ ನನಗೆ ಗೊತ್ತಿಲ್ಲ ಎಂದು ನಾನು ಹೇಳಿದ್ದು ಅದು ಎರಡನೇ ಸಲ. ಮೊದಲನೇ ಸಲದ್ದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ನಾವು ಈ ಪರದೇಶದ ಊರಿನಲ್ಲೇ ಸೆಂಗ್‌ಕಾಂಗ್ ಬಡಾವಣೆಯ ಫ್ಲಾಟಿಗೆ ಶಿಫ್ಟ್ ಆದ ಹೊಸದು. ಭಾನುವಾರ ಬೆಳಿಗ್ಗೆ ಮನೆ ಹತ್ತಿರದ ಕೆರೆಯ ದಂಡೆಗೆ ವಾಕಿಂಗ್ ಹೋಗುತ್ತಿದ್ದೆ. ಗಾಳ ಹಾಕಲು ಬಿಟ್ಟ ಜಾಗದಲ್ಲಿ ಹಳೇ ಚಡ್ಡಿ, ರಬ್ಬರ್ ಚಪ್ಪಲಿಯ ವಯಸ್ಸಾದ ಒಬ್ಬರು ಸಿಕ್ಕುಬಿದ್ದ ದಾರದ ಜೊತೆ ಗುದ್ದಾಡುತ್ತಾ ಅದಕ್ಕೆ ಬೈಯುತ್ತಿದ್ದರು. ಬೈಗುಳ ಕನ್ನಡದಲ್ಲಿತ್ತು. ನಿಂತೆ.

“ನೀವು ಕನ್ನಡದವರಾ ಅಂಕಲ್?”

“ಎಂತ ಮಾರಾಯ್ರೆ, ನಿಮ್ಮ ಬ್ಲಾಕಿನಲ್ಲೇ ಇರುದು ನಾನು. ದಿನಾ ಲಿಫ್ಟಲ್ಲಿ ನೋಡ್ತೇನೆ. ನೀವು ಫೋನಿಂದ ತಲೆ ಎತ್ತುದಿಲ್ಲ.”

ಉಡುಪಿ ಕಡೆಯ ಮೀನುಗಾರರ ಮನೆಯವರು. ಹಡಗಿನಲ್ಲಿ ಕೆಲಸ ಮಾಡಿ, ಊರೂರು ಸುತ್ತಿ, ಕೊನೆಗೆ ಇಲ್ಲೇ ನೆಲೆನಿಂತು, ಈಗ ಮಗಳ ಜೊತೆ ನಾಲ್ಕನೇ ಮಹಡಿಯಲ್ಲಿದ್ದರು. ನಮ್ಮದು ಹನ್ನೆರಡನೆಯದು. ಎರಡು ವಾರ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದೆ. ಮೂರನೇ ವಾರ ಕೋಲನ್ನು ನನ್ನ ಕೈಗೆ ಕೊಟ್ಟರು. ಮೊದಲ ತೋಮನ್ ಮೀನು ದಾರ ಎಳೆದಾಗ ನನ್ನ ಎದೆ ಹೊಡೆದುಕೊಂಡ ರೀತಿ... ಮದುವೆ ದಿನವೂ ಹಾಗೆ ಹೊಡೆದುಕೊಂಡಿರಲಿಲ್ಲ. ಇದನ್ನು ನನ್ನ ಹೆಂಡತಿ ಓದಬಾರದು.

ತೊಂದರೆ ಏನೆಂದರೆ, ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೀನು ತಿನ್ನುವುದಿರಲಿ, ಮೀನಿನಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ಹೋಗುವ ಜನ. ನಾನು ಹಿಡಿದದ್ದನ್ನು ಹಾಗೇ ನೀರಿಗೆ ಬಿಡುತ್ತಿದ್ದೆ. ಅಂಕಲ್‌ಗೆ ಅದೊಂದು ದೊಡ್ಡ ತಮಾಷೆ.

“ಹಿಡಿದು ಬಿಡುದಾದ್ರೆ ಅದಕ್ಕೆ ಉಪದ್ರ ಎಂತಕ್ಕೆ ಮಾರಾಯ? ಕರೆದು, ಊಟ ಹಾಕದೆ ಕಳಿಸಿದ ಹಾಗೆ ಆಯ್ತಲ್ಲ!”

ನಾನು ಕೊಂಡ ಕೋಲು ಅವರ ಮನೆಯಲ್ಲೇ ಇರುತ್ತಿತ್ತು. ಹೆಂಡತಿಗೆ ನಾನು ಹೇಳುತ್ತಿದ್ದುದು ವಾಕಿಂಗ್ ಎಂದೇ. ಮೂರು ತಾಸಿನ ವಾಕಿಂಗ್‌ನಿಂದಲೂ ನನ್ನ ಹೊಟ್ಟೆ ಇಳಿಯದಿರುವುದು ಅವಳಿಗೆ ವಿಚಿತ್ರ ಅನ್ನಿಸಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಒಂದು ಭಾನುವಾರ ಅಂಕಲ್ ಇದ್ದಕ್ಕಿದ್ದಂತೆ, “ಮಸ್ಕಿಗೆ ಒಂದು ಕೋಲು ನೋಡ್ಬೇಕು ಮಾರಾಯ” ಎಂದರು.

ನನಗೆ ದಿಗಿಲಾಯಿತು. ಮಸ್ಕಿ ಎಂದರೆ ನನ್ನ ಹೆಂಡತಿಯ ತವರು, ರಾಯಚೂರು ಜಿಲ್ಲೆ. ಇವರಿಗೆ ಅದು ಹೇಗೆ ಗೊತ್ತಾಯಿತು? “ಮಸ್ಕಿಗೆ ಕೋಲು ಯಾಕೆ ಅಂಕಲ್? ಅಲ್ಲಿ ಬೇಸಿಗೆಯಲ್ಲಿ ಕುಡಿಯೋದಕ್ಕೇ ನೀರಿರಲ್ಲ” ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ವಿಷಯ ಬಿಡಿಸಿಕೊಂಡ ಮೇಲೆ ಅವರು ನಕ್ಕ ರಭಸಕ್ಕೆ ಆಚೆ ದಂಡೆಯ ಮಲಯ್ ಹುಡುಗಿಯರು ತಿರುಗಿ ನೋಡಿದರು. ಹಡಗು ಕೆನಡಾದ ಸರೋವರವೊಂದರಲ್ಲಿ ನಿಂತಿದ್ದಾಗ ಯಾರೋ ಒಬ್ಬ ಹಿಡಿದ ಮಸ್ಕಿ ಮೀನನ್ನು ಅವರು ಕಂಡಿದ್ದರಂತೆ. ಅವತ್ತಿನಿಂದ ಅದೊಂದು ಮೀನು ಅವರ ತಲೆಯಲ್ಲಿ ಕೂತಿತ್ತು. ಕೆನಡಾದಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ, ರಜೆ ಹಾಕಿ ಇಬ್ಬರೂ ಹೋಗೋಣ ಎಂದು ನಾನೇ ಬಾಯಿ ಹಾಕಿದೆ. ಬಾಯಿಮಾತಿಗೆ ಹೇಳಿದ್ದು. ಅವರು ನಂಬಿದರು.

ಆಮೇಲೆ ಮೂರು ತಿಂಗಳು ನಮ್ಮ ಮಾತೆಲ್ಲ ಕೋಲಿನದೇ. ಉದ್ದ ಎಂಟು ಅಡಿಯಾದರೂ ಬೇಕು, ಆ ಮೀನು ದಂಡೆಯ ಹತ್ತಿರ ಬಂದ ಮೇಲೂ ಗಾಳಕ್ಕೆ ಕಟ್ಟಿದ ಹುಸಿಮೀನನ್ನು ಸುತ್ತಾಡಿಸಿ ಅದನ್ನು ರೇಗಿಸಬೇಕಾಗುತ್ತದೆ. ತುದಿ ಮಾತ್ರ ಬಾಗಬೇಕು, ನಡು ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಅದರ ಎಲುಬಿನಂಥ ದವಡೆಗೆ ಕೊಕ್ಕೆ ಇಳಿಯುವುದಿಲ್ಲ. ಎಸೆಯುವ ಹುಸಿಮೀನೇ ಕಾಲು ಕಿಲೋ ತೂಗುವುದುಂಟು, ದಿನವಿಡೀ ಎಸೆದರೂ ರಟ್ಟೆ ಬೀಳಬಾರದು. ಈ ಮೀನಿಗೆ ಹೆಚ್ಚಿನವರು ದಾರದ ಉರುಳೆ ಕೋಲಿನ ಮೇಲೆ ಕೂರುವಂಥದ್ದನ್ನು ಬಳಸುತ್ತಾರೆ ಎಂದು ನಾನು ಎಲ್ಲೋ ಓದಿ ಹೇಳಿದರೆ ಅಂಕಲ್ ಒಪ್ಪಲಿಲ್ಲ. ನಮಗೆ ಉರುಳೆ ಕೆಳಗೆ ತೂಗುವ ಸ್ಪಿನ್ನಿಂಗ್ ಕೋಲೇ ಆಗಬೇಕು, ದೊಡ್ಡ ಮೀನಿನ ಎದುರು ಹೊಸ ವಿದ್ಯೆ ಕಲಿಯುವುದಕ್ಕೆ ಹೋಗಬಾರದು ಎಂದರು. ನಂಬರು ಓದಬೇಡ, ಬಾಟಲಿ ಕಟ್ಟಿ ನೋಡು ಎಂದು ಕಲಿಸಿದ್ದೂ ಆಗಲೇ.

ಅಷ್ಟರಲ್ಲಿ ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಅತ್ತೆ ಮಸ್ಕಿಯಿಂದ ಬಂದರು. ಬೆಳಿಗ್ಗೆ ಸ್ನಾನ, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ, ಆಮೇಲೆಯೇ ಚಹಾ. ಭಾನುವಾರದ ‘ವಾಕಿಂಗ್’ ನಿಲ್ಲಿಸಿದೆ. ಅಂಕಲ್‌ಗೆ, ಮಗು ಬಂದಿದೆ, ಸ್ವಲ್ಪ ದಿನ ಬಿಡುವಿಲ್ಲ ಎಂದು ಮೆಸೇಜ್ ಹಾಕಿದೆ. ಮನೆಗೆ ಬರಬೇಡಿ ಎಂದು ಹೇಳುವ ಅಗತ್ಯ ಇರಬಹುದು ಎಂದು ಹೊಳೆಯಲಿಲ್ಲ.

ಶನಿವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಒಳಗೆ ಅತ್ತೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು, ಹೆಂಡತಿ ರೂಮಿನಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಗಾಳಿಗೆಂದು ಬಾಗಿಲು ತೆರೆದು, ಹೊರಗಿನ ಕಬ್ಬಿಣದ ಗೇಟು ಮಾತ್ರ ಹಾಕಿದ್ದೆವು. ಅದರ ಆಚೆ ಅಂಕಲ್ ಪ್ರತ್ಯಕ್ಷರಾದರು. ಅದೇ ಚಡ್ಡಿ, ಅದೇ ಚಪ್ಪಲಿ, ಕೈಯಲ್ಲಿ ಉದ್ದನೆಯ ಎರಡು ಕೊಳವೆ, ಮುಖದಲ್ಲಿ ಹಬ್ಬ.

“ಮಸ್ಕಿ ಕೋಲು ಬಂತು ಮಾರಾಯ! ನಿಂಗೊಂದು, ನಂಗೊಂದು.”

ಊರಿನ ಹೆಸರು ಕಿವಿಗೆ ಬಿದ್ದದ್ದೇ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಬಂದರು. “ಯಾರ್ರೀ ಅವರು? ನಮ್ಮ ಮಸ್ಕಿಯವರೇನು?”

ಮೀನಿನ ವಿಷಯ ಹೊರಬಿದ್ದರೆ ಎಂದು ಹೆದರಿದೆ, ನಿಜ. ಆದರೆ ಅಷ್ಟೇ ಎಂದರೆ ಸುಳ್ಳಾಗುತ್ತದೆ. ಹೆಸರು ಕೇಳಿದರೆ ಕುಲ ಕೇಳುತ್ತಾರೆ, ಯಾವ ಮನೆಯವರು ಎನ್ನುತ್ತಾರೆ... ಆ ಚಡ್ಡಿ, ಆ ಚಪ್ಪಲಿ, ಆ ಗಟ್ಟಿ ದನಿ. ಇವರು ನನ್ನ ಗೆಳೆಯರು ಎಂದು ಹೇಳುವುದಕ್ಕೆ ನಾಚಿಕೆಯಾಯಿತು. ಇದನ್ನು ಬರೆಯುವುದಕ್ಕೆ ಈಗ ಆಗುತ್ತಿರುವ ನಾಚಿಕೆಯ ಮುಂದೆ ಅದು ಏನೇನೂ ಅಲ್ಲ.

“ಅಲ್ರೀ ಅತ್ತೀ, ಯಾರೋ ಮನೀ ತಪ್ಪಿ ಬಂದಾರ” ಎಂದೆ. ಗೇಟಿನ ಕಡೆ ತಿರುಗಿ, ಇಂಗ್ಲಿಷಿನಲ್ಲಿ, “ಸಾರಿ ಅಂಕಲ್, ರಾಂಗ್ ಹೌಸ್” ಎಂದೆ.

ಅವರು ನನ್ನನ್ನು ನೋಡಿದರು. ನನ್ನ ಹಿಂದೆ ನಿಂತ ಅತ್ತೆಯ ಹಣೆಯ ವಿಭೂತಿ ನೋಡಿದರು. ಅರ್ಥವಾಗಲು ಎರಡು ಕ್ಷಣ ಸಾಕಾಯಿತು. ಕೊಳವೆಗಳನ್ನು ಬೆನ್ನ ಹಿಂದೆ ಸರಿಸಿಕೊಂಡು, “ಸಾರಿ ಸರ್. ರಾಂಗ್ ಫ್ಲೋರ್” ಎಂದರು. ಅತ್ತೆಗೆ ಕೈ ಮುಗಿದು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು.

ಅವತ್ತೇ ಇಳಿದು ಹೋಗಿ ಕಾಲು ಹಿಡಿಯಬಹುದಿತ್ತು. ಎಂಟು ಮಹಡಿ, ಅಷ್ಟೇ. ನಾಳೆ ಎಂದುಕೊಂಡೆ. ಅತ್ತೆ ಊರಿಗೆ ಹೋದ ಮೇಲೆ ಎಂದುಕೊಂಡೆ. ಅತ್ತೆ ಹೋದರು. ಮಗುವಿಗೆ ಜ್ವರ ಬಂತು, ಆಫೀಸಿನಲ್ಲಿ ಪ್ರಾಜೆಕ್ಟ್ ಬಂತು... ನೆಪಗಳಿಗೆ ಬರವೇ ಇರಲಿಲ್ಲ.

ಲಿಫ್ಟಿನಲ್ಲಿ ಸಿಕ್ಕರೆ ಅವರು “ಗುಡ್ ಮಾರ್ನಿಂಗ್ ಸರ್” ಅನ್ನುತ್ತಿದ್ದರು. ನಾನೊಬ್ಬನೇ ಇದ್ದರೂ ಅಷ್ಟೇ. ಸಿಟ್ಟಿರಲಿಲ್ಲ, ಕುಹಕ ಇರಲಿಲ್ಲ. ನಾನು ಹಾಕಿಕೊಟ್ಟ ನಾಟಕವನ್ನು ನನಗಿಂತ ಶ್ರದ್ಧೆಯಿಂದ ಆಡುತ್ತಿದ್ದರು. ಒಮ್ಮೆ ಹೆಂಡತಿ ಮಗುವನ್ನೆತ್ತಿಕೊಂಡು ಪಕ್ಕದಲ್ಲಿದ್ದಾಗ, “ಸರ್, ಯುವರ್ ಅಂಬ್ರೆಲ್ಲಾ ಈಸ್ ಸ್ಟಿಲ್ ವಿತ್ ಮಿ. ಎನಿ ಟೈಮ್ ಕ್ಯಾನ್ ಕಲೆಕ್ಟ್” ಎಂದರು. ನನ್ನ ಹಳೇ ಕೋಲನ್ನು ಕೊಡೆ ಮಾಡಿ ನನ್ನ ಮಾನ ಕಾಯುತ್ತಿದ್ದರು. ಥ್ಯಾಂಕ್ಯೂ ಎಂದೆ. ತರಲು ಹೋಗಲಿಲ್ಲ. ನನ್ನನ್ನು ‘ಮಾರಾಯ’ ಎಂದು ಕರೆಯುವವರು ಈ ಊರಿನಲ್ಲಿ ಅವರೊಬ್ಬರೇ ಇದ್ದರು. ಆ ಮಾತನ್ನು ಮತ್ತೆ ಅವರ ಬಾಯಿಂದ ಕೇಳಲಿಲ್ಲ.

ಏಳೆಂಟು ತಿಂಗಳಾಗಿರಬೇಕು. ಪಾಯಾ ಲೆಬಾರ್‌ನಿಂದ ಕೆಲಸ ಮುಗಿಸಿ ಬಂದರೆ ನಮ್ಮ ಬ್ಲಾಕಿನ ತಳದ ತೆರೆದ ಜಾಗ, ವಾಯ್ಡ್ ಡೆಕ್‌ನಲ್ಲಿ ಕೆಲಸದವರು ಬಾಡಿಗೆ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸುತ್ತಿದ್ದರು. ಅಂಕಲ್‌ನ ಮಗಳು ಅಲ್ಲೇ ನಿಂತಿದ್ದಳು. ಅಂಕಲ್ ತೀರಿಕೊಂಡಿದ್ದರು, ಎಲ್ಲ ಮುಗಿದಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದರಂತೆ. ನಾನು ಅವರನ್ನು ಲಿಫ್ಟಿನಲ್ಲಿ ಕಾಣದೆ ಮೂರು ವಾರವಾಗಿತ್ತು, ಮತ್ತು ನಿಜ ಹೇಳಬೇಕೆಂದರೆ, ಅದರಿಂದ ನನಗೆ ನಿರಾಳವಾಗಿತ್ತು.

“ನೀವು ಟ್ವೆಲ್ತ್ ಫ್ಲೋರ್ ಸರ್, ಅಲ್ವಾ?” ಎಂದಳು. ಇಲ್ಲೇ ಬೆಳೆದ ಹುಡುಗಿ, ಕನ್ನಡ ತಡವರಿಸುತ್ತಿತ್ತು. “ನಿಮಗೆ ಇನ್ಫಾರ್ಮ್ ಮಾಡ್ತೇನೆ ಅಂದೆ. ಪಪ್ಪಾ ಬೇಡ ಅಂದ್ರು ಲಾ. ಸರ್ ಮನೇಲಿ ಬೇಬಿ ಇದೆ, ದೊಡ್ಡವರು ಇದಾರೆ, ಡಿಸ್ಟರ್ಬ್ ಮಾಡ್ಬೇಡ ಅಂದ್ರು.”

ಕೋಲುಗಳನ್ನೆಲ್ಲ ಅವರು ಆಸ್ಪತ್ರೆಗೆ ಹೋಗುವ ಮೊದಲೇ ಕೆರೆಯ ಹತ್ತಿರದ ಗೆಳೆಯರಿಗೆ ಹಂಚಿದ್ದರಂತೆ. ಅವಳು ಮನೆ ಬಿಟ್ಟು ಬೇರೆ ಕಡೆ ಹೋದಳು. ನಾನು ಕೆರೆಯ ದಂಡೆಗೆ ಹೋಗುವುದನ್ನು ಬಿಟ್ಟೆ. ನಿಜವಾಗಿಯೂ ವಾಕಿಂಗ್ ಶುರು ಮಾಡಿದೆ, ರಸ್ತೆಯ ಮೇಲೆ.

ಇದೆಲ್ಲ ಆಗಿ ಆರು ವರ್ಷ. ಶನಿವಾರ ಕಲ್ಲಾಂಗ್‌ನಲ್ಲಿ ಕೊಂಡ ಕೋಲನ್ನು ಎಲ್ಲಿಯೂ ಬಚ್ಚಿಡದೆ ಮನೆಗೆ ತಂದು ಸೋಫಾದ ಮೇಲಿಟ್ಟೆ. ಈ ಸಲವಾದರೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಹೆಂಡತಿ ಅಡಿಗೆಮನೆಯಿಂದ ಬಂದು ಅದನ್ನು ನೋಡಿದಳು. ಆಶ್ಚರ್ಯವೇ ಪಡಲಿಲ್ಲ.

“ನಾಕನೇ ಫ್ಲೋರಿನ ಅಂಕಲ್ ಕಲಿಸಿದ್ದಲ್ಲೇನು?” ಎಂದಳು.

“ನಿನಗ ಗೊತ್ತಿತ್ತು?”

“ನಿಮ್ಮ ಅಂಗಿ ತೊಳೆಯಾಕಿ ನಾನ ಅಲ್ಲೇನ್ರೀ? ವಾಕಿಂಗ್ ಹೋದವರ ಅಂಗಿ ಹಂಗ ನಾರತದೇನು? ಲಿಫ್ಟಿನ್ಯಾಗ ಆ ಅಂಕಲ್ ಅಂಗಿಗೂ ಅದ ವಾಸನಿ ಇರ್ತಿತ್ತು. ನೀವ ಹೇಳ್ತೀರಿ ಅಂತ ಸುಮ್ಮನಿದ್ದೆ.”

“ಮತ್ತ... ನಿಮ್ಮ ಅವ್ವಗ?”

ಅವಳು ಸೋಫಾದ ಅಂಚಿಗೆ ಕೂತಳು. “ಅವ್ವ ಏನು ಕಿವುಡಿ ಅಲ್ಲಲ್ರೀ. ಕನ್ನಡದಾಗ ಮಾತಾಡಿಸಿದವರನ್ನ ಇಂಗ್ಲಿಷಿನ್ಯಾಗ ಕಳಿಸಿದ್ರಲ್ಲ, ಅವತ್ತ ಒಳಗ ಬಂದು ಕೇಳಿದ್ಲು. ಮೀನ ಹಿಡಿಯವರು ಅಂತ ನಾನೇ ಹೇಳಿದೆ. ಹಿಡಿಯವರಿದ್ರ ಏನಾತು, ವಯಸ್ಸಿನಾಗ ದೊಡ್ಡವರು, ಉಣ್ಣೂ ಹೊತ್ತಿಗೆ ಬಾಗಲಕ್ಕ ಬಂದಿದ್ರು ಅಂದ್ಲು. ನೀವ ಕೆಳಗ ಹೋಗಿ ಕರ್ಕೊಂಡು ಬರ್ತೀರಿ ಅಂತ ಅವರ ಪಾಲಿಂದು ಎರಡು ರೊಟ್ಟಿ ಹೆಚ್ಚಿಗಿ ಬಡಿದಿಟ್ಟಿದ್ಲು.”

ಆ ಮಧ್ಯಾಹ್ನದ ಊಟ ನನಗೆ ಚೆನ್ನಾಗಿ ನೆನಪಿದೆ. ಎಲ್ಲರೂ ಕೈ ತೊಳೆದ ಮೇಲೂ ಎರಡು ರೊಟ್ಟಿ ಉಳಿದಿದ್ದವು. ಅತ್ತೆ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಆಮೇಲೆ ಅವನ್ನು ನನ್ನ ತಟ್ಟೆಗೆ ಹಾಕಿದರು. ನಾನು ಎಣ್ಣೆಗಾಯಿ ಹಚ್ಚಿಕೊಂಡು, ಬಹಳ ರುಚಿಯಾಗಿವೆ ಎಂದು ಹೇಳಿ, ಎರಡನ್ನೂ ತಿಂದಿದ್ದೆ.