ಸಾಕ್ಷ್ಯಚಿತ್ರಗಳ ಮಾತು ಬರೆದುಕೊಡುವ ನೀಲಗಂಗಮ್ಮ

ಬೆಳಗಿನ ಐದು ಗಂಟೆ. ವಾರಾಣಸಿಯ ಬಂಗಾಲಿ ಟೋಲಾದ ಗಲ್ಲಿಯಲ್ಲಿ ಬೈಕುಗಳ ಹಾರ್ನ್ ಇನ್ನೂ ಶುರುವಾಗಿಲ್ಲ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡ ನೀಲಗಂಗಮ್ಮ, ಲ್ಯಾಪ್‌ಟಾಪಿನಲ್ಲಿ ಒಬ್ಬ ವೃದ್ಧರ ಮಾತನ್ನು ಹಿಂದೆ ಮುಂದೆ ಓಡಿಸುತ್ತಿದ್ದಾರೆ. ಐದನೇ ಸಲಕ್ಕೆ ಪೆನ್ನು ಎತ್ತಿಕೊಳ್ಳುತ್ತಾರೆ.

"‘ಬಂದ ಕಲ್ಲು’ ಅಲ್ರಿ, ‘ಬಾಂದಗಲ್ಲು’. ಹೊಲದ ಗಡಿಗೆ ನಡೋ ಕಲ್ಲು," ಎನ್ನುತ್ತ ನೋಟ್‌ಬುಕ್ಕಿನಲ್ಲಿ ತಿದ್ದುತ್ತಾರೆ.

ಕಾಶಿಯ ಪುರಾತತ್ವ, ಹಳೆಯ ಛತ್ರಗಳು, ಘಾಟುಗಳ ಜನಜೀವನ ಕುರಿತ ಏಳು ಸಾಕ್ಷ್ಯಚಿತ್ರಗಳಲ್ಲಿ ಕನ್ನಡಿಗರು ಆಡಿದ ಮಾತನ್ನೆಲ್ಲ ಕೇಳಿ ಬರೆದು, ಹಿಂದಿಗೆ ತಿರುಗಿಸಿದವರು ಇವರು. ತೆರೆಯ ಮೇಲೆ ಇವರ ಹೆಸರು ಬಂದದ್ದು ಒಂದೇ ಸಲ. ಅದೂ ‘ನೀಲಗಂಗಾ ದೇವಿ’ ಎಂದು.

ಊರು ಗದಗ ಜಿಲ್ಲೆಯ ರೋಣದ ಕಡೆ. ಪತಿ ವೀರಯ್ಯನವರಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಗಿ ಇಪ್ಪತ್ತಾರು ವರ್ಷ. ಹನ್ನೊಂದು ವರ್ಷದ ಹಿಂದೆ ಕೆಳಗಿನ ಲಾಡ್ಜಿನಲ್ಲಿ ಚಿತ್ರೀಕರಣ ನಡೆದಾಗ ಕಾಶಿವಾಸಕ್ಕೆಂದು ಬಂದು ಅಲ್ಲಿದ್ದ ಕನ್ನಡದ ಅಜ್ಜಿಯರ ಮಾತು ಯಾರಿಗೂ ತಿಳಿಯಲಿಲ್ಲ. ನಿರ್ದೇಶಕ ಓಂಕಾರ್ ಮೇಲೆ ಬಂದು ಬಾಗಿಲು ಬಡಿದರು. ಅಂದಿನಿಂದ ಇದೇ ಕೆಲಸ. ಹದಿನೈದು ನಿಮಿಷದ ಮಾತಿಗೆ ನಾಲ್ಕು ತಾಸು ಬೇಕು.

ಕೆಲಸ ಬಿಟ್ಟೇಬಿಡಬೇಕು ಅನ್ನಿಸಿದ್ದು ಎರಡು ವರ್ಷದ ಹಿಂದೆ. ಅದೇ ಲಾಡ್ಜಿನಲ್ಲಿರುವ ನರೇಗಲ್ಲಿನ ಅನ್ನದಾನಮ್ಮ ಕ್ಯಾಮೆರಾ ಮುಂದೆ, "ಮಗ ತಂದು ಬಿಟ್ಟು ಹೋದ" ಎಂದಿದ್ದರು. ನೀಲಗಂಗಮ್ಮ ಹಿಂದಿಯಲ್ಲಿ ಪದಕ್ಕೆ ಪದ ಇಟ್ಟು ‘ಛೋಡ್ ಕರ್ ಗಯಾ’ ಎಂದು ಬರೆದುಕೊಟ್ಟರು. ಅದನ್ನು ಇಂಗ್ಲಿಷಿಗೆ ತಂದವರು ‘ಮಗ ನನ್ನನ್ನು ತೊರೆದು ಹೋದ’ ಎಂದು ಮಾಡಿದರು. ತೆರೆಯ ಕೆಳಗೆ ಆ ಸಾಲಿದ್ದ ಚಿತ್ರದ ಟ್ರೇಲರ್ ಫೋನಿನಿಂದ ಫೋನಿಗೆ ಹರಿದಾಡಿ ನರೇಗಲ್ಲಿಗೂ ಮುಟ್ಟಿತು. ಮಗ ಲಿಂಗರಾಜ ಫೋನಿನಲ್ಲಿ ಅತ್ತ: "ಯವ್ವಾ, ನಾ ನಿನ್ನ ತೊರದೀನೇನು? ಬಜಾರದಾಗ ಮಂದಿ ಕೇಳಾಕತ್ತಾರ."

ಅನ್ನದಾನಮ್ಮ ನೀಲಗಂಗಮ್ಮನ ಜತೆ ಮಾತು ಬಿಟ್ಟರು. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು.

"ತಪ್ಪು ನಂದೂ ಇತ್ರಿ," ಎನ್ನುತ್ತಾರೆ ನೀಲಗಂಗಮ್ಮ. "‘ಪಹುಂಚಾ ಕರ್ ಗಯಾ’, ಮುಟ್ಟಿಸಿ ಹೋದ ಅಂತ ಬರೀಬೇಕಿತ್ತು. ಅವಸರ ಮಾಡಿದೆ."

ಮೂಲ ಧ್ವನಿಮುದ್ರಿಕೆ ಹಿಡಿದು ಅವರು, ಆ ಚಿತ್ರವನ್ನೂ ಮಾಡಿದ್ದ ಓಂಕಾರ್ ಅವರ ಆಫೀಸಿಗೆ ಹೋದರು. "ದೀದಿ, ಫಿಲ್ಮ್ ತಯಾರಾಗಿ ಹೋಗಿದೆ. ಒಂದೇ ಸಾಲಲ್ಲವೇ?" ಎಂದರು ಓಂಕಾರ್ ಹಿಂದಿಯಲ್ಲಿ. ನೀಲಗಂಗಮ್ಮ ಮಾತನ್ನು ಪೂರ್ತಿ ಕೇಳಿಸಿ, ಒಂದೊಂದೇ ವಾಕ್ಯ ಬಿಡಿಸಿ ಹೇಳಿದರು. "ಮಗ ಬ್ಯಾಡ ಅಂದ. ನಾನೇ ಹಟ ಹಿಡಿದು ಬಂದೆ. ಮಗ ತಂದು ಬಿಟ್ಟು ಹೋದ. ದೀಪಾವಳಿಗೆ ಬರ್ತಾನ." ಚಿತ್ರದಲ್ಲಿ ಉಳಿದಿದ್ದದ್ದು ಮೂರನೆಯ ವಾಕ್ಯ ಮಾತ್ರ.

ಓಂಕಾರ್ ಮತ್ತೊಮ್ಮೆ ಕೇಳಿದರು. ಆಮೇಲೆ ಟ್ರೇಲರ್ ತೆಗೆಸಿದರು, ನಾಲ್ಕೂ ವಾಕ್ಯಗಳನ್ನು ಚಿತ್ರಕ್ಕೆ ಸೇರಿಸಿದರು. ಲಿಂಗರಾಜನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಮಾತನ್ನೂ ಕನ್ನಡದಲ್ಲಿ ಹೇಳಿದ್ದು ನೀಲಗಂಗಮ್ಮನೇ.

ಮರುದಿನ ಅನ್ನದಾನಮ್ಮ ಗೋಡೆ ಹಿಡಿದು ಎರಡು ಮಹಡಿ ಹತ್ತಿ ಬಂದರು. "ಇನ್ನ ಮ್ಯಾಲೆ ಬರದದ್ದು ನನಗ ಓದಿ ಹೇಳಿ ಕಳಸವಾ" ಎಂದು ಹೇಳಿ, ಚಹಾ ಕೇಳಿದರು.

ಈಗ ಪ್ರತಿ ಪುಟವನ್ನೂ ಮಾತಾಡಿದವರ ಮುಂದೆ ಕೂತು ಓದದೆ ನೀಲಗಂಗಮ್ಮ ಕಳಿಸುವುದಿಲ್ಲ. ಕೆಲವು ನಿರ್ದೇಶಕರಿಗೆ ಈ ತಡ ಸರಿಬರುವುದಿಲ್ಲ. ಇಬ್ಬರು ಬೇರೆಯವರನ್ನು ನೋಡಿಕೊಂಡಿದ್ದಾರೆ. ಅದರ ಬಗ್ಗೆ ನೀಲಗಂಗಮ್ಮನಿಗೆ ದೂರಿಲ್ಲ. ಹೆಸರು ಸರಿಯಾಗಿ ಹಾಕಲಿ ಎಂಬ ಆಸೆ ಇದೆಯೇ ಎಂದರೆ ನಗುತ್ತಾರೆ.

"ಪಿಚ್ಚರ್ ದಿಲ್ಲಿಯಾಗ ತೋರಸ್ತಾರ, ವಿದೇಶದಾಗ ತೋರಸ್ತಾರ. ಒಮ್ಮೆ ಈ ಲಾಡ್ಜಿನ ಅಂಗಳದಾಗ ತೋರಸ್ಲಿ. ಇಲ್ಲಿನ ಅಜ್ಜಿಯರಿಗೆ ಪಿಚ್ಚರಿನ ಕೆಳಗಿನ ಅಕ್ಷರ ಓದಾಕ ಬರೂದಿಲ್ಲ. ಸೌಂಡ್ ಜೋರ ಇಡ್ರಿ, ಸಾಕು."