ಲೆನ್ಸಿಗೆ ಅಡ್ಡ ಹಿಡಿದ ರಟ್ಟು

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಪುಣೆಯ ಚಲನಚಿತ್ರ ಸಂಗ್ರಹಾಲಯವೊಂದರಲ್ಲಿ ಹಳೆಯ ಪ್ರಿಂಟ್‌ಗಳ ತಪಾಸಣೆ ನನ್ನ ಹೊಣೆ. ರೀಲನ್ನು ಮೇಜಿನ ಮೇಲೆ ಕೈಯಿಂದ ಸುತ್ತುತ್ತ, ಅಂಚನ್ನು ಬೆರಳುಗಳ ನಡುವೆ ಹಾಯಿಸಿ, ಹರುಕು, ಅಂಟು, ಗೀರು ಹುಡುಕುತ್ತೇವೆ. ಚಿತ್ರದಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ನಾಡಿ ಹಿಡಿದ ವೈದ್ಯರು ರೋಗಿಯ ಸ್ವಭಾವ ವಿಚಾರಿಸುತ್ತಾರೆಯೇ?

ಅಂದು ಭಾನುವಾರ, ಊರಿನ ಕೋಥರೂಡ್ ಬಡಾವಣೆಯಲ್ಲಿ ನಮ್ಮ ಮಕ್ಕಳ ಪ್ರದರ್ಶನ. ಅದರಲ್ಲೊಂದು ಹಳೆಯ ಅಮೆರಿಕನ್ ಕಾರ್ಟೂನು. ಕೋಳಿಯ ಬೆನ್ನು ಹತ್ತಿ ಪೆಟ್ಟು ತಿನ್ನುವ ನರಿಯ ಹಾಸ್ಯ. ಆಪರೇಟರ್ ಶರಣಪ್ಪ ಬೆಳಿಗ್ಗೆ ಟ್ರಯಲ್ ಓಡಿಸಿದಾಗಲೇ ನಾನು ಅದನ್ನು ಪರದೆಯ ಮೇಲೆ ಕಂಡದ್ದು. ನಡುವೆ ಪಟಾಕಿ ಸಿಡಿದು ನರಿಯ ಮುಖ ಕಪ್ಪಾಗುತ್ತದೆ, ತುಟಿ ಊದುತ್ತದೆ. ಆಮೇಲೆ ಅದು ಪೆದ್ದುಪೆದ್ದಾಗಿ ತೊದಲುತ್ತ ಕುಣಿಯುತ್ತದೆ. ಕಪ್ಪು ಜನರನ್ನು ಹೀಗೆ ಗೇಲಿ ಮಾಡುವುದು ಆ ಕಾಲದ ಕಾರ್ಟೂನುಗಳ ಚಾಳಿ. ನಮ್ಮ ಪ್ರದರ್ಶನಗಳಿಗೆ ತಪ್ಪದೆ ಬರುವ ಸುಡಾನಿನ ಸಂಶೋಧನಾ ವಿದ್ಯಾರ್ಥಿ ಇದ್ರಿಸ್, ಅವರ ಆರು ವರ್ಷದ ಮಗಳು ಅಮಲ್ ಕಣ್ಣ ಮುಂದೆ ಬಂದರು.

ಪೋಸ್ಟರಿನ ತುಂಬ ಆ ನರಿಯೇ ಇತ್ತು, ಕಾರ್ಟೂನನ್ನು ಕೈಬಿಟ್ಟರೆ ಮಕ್ಕಳು ಸುಮ್ಮನಿರುವುದಿಲ್ಲ. ಕತ್ತರಿಸುವ ಮಾತೇ ಇಲ್ಲ. ಸಂಗ್ರಹದ ಪ್ರಿಂಟಿನ ಒಂದು ಫ್ರೇಮಿಗೂ ಕತ್ತರಿ ತಾಗಿಸುವಂತಿಲ್ಲ.

“ಭಾಳ ಚಿಂತಿ ಮಾಡಬ್ಯಾಡ್ರಿ ಮೇಡಂ. ಆ ಸೀನಿಗೆ ಲೆನ್ಸಿನ ಮುಂದ ರಟ್ಟು ಹಿಡಿತೀನ್ರಿ. ಟೂರಿಂಗ್ ಟಾಕೀಸಿನ್ಯಾಗ ಹಿಂಗ ಮಾಡತಿದ್ವಿ,” ಎಂದರು ಶರಣಪ್ಪ. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಅಪ್ಪ, ಮಗಳು ಬಂದು ಮುಂದಿನ ಸಾಲಿನಲ್ಲೇ ಕುಳಿತರು. ನಾನು ಗೋಡೆಗೆ ಒರಗಿ ನಿಂತೆ. ಪಟಾಕಿ ಸಿಡಿಯಿತು. ಸರಿಯಾದ ಕ್ಷಣಕ್ಕೆ ಪರದೆ ಕತ್ತಲಾಯಿತು. ಆದರೆ ರಟ್ಟು ಬೆಳಕನ್ನಷ್ಟೇ ತಡೆಯುತ್ತದೆ. ಧ್ವನಿ ಓಡುತ್ತಲೇ ಇತ್ತು! ಗಡಿಬಿಡಿಯಲ್ಲಿ ನನಗಾಗಲಿ ಶರಣಪ್ಪನವರಿಗಾಗಲಿ ಅದು ಹೊಳೆದಿರಲಿಲ್ಲ. ಕತ್ತಲಲ್ಲಿ ಆ ತೊದಲು ದನಿ ಇನ್ನೂ ದೊಡ್ಡದಾಗಿ ಕೇಳಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಮಲ್ ಕೂಡ ನಕ್ಕಳು. ಇದ್ರಿಸ್ ನಗಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಅವರು ಮಗಳ ಕೈ ಹಿಡಿದು ನೇರ ನನ್ನ ಬಳಿ ಬಂದರು. ಆ ಮಗು ಅದೇ ದನಿಯನ್ನು ಅನುಕರಿಸುತ್ತ ಕುಣಿಯುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನಿಮಗೆ ನೋವಾಗಬಾರದೆಂದು...” ಎಂದು ತಡವರಿಸಿದೆ.

“ಮೊದಲೇ ನನಗೊಂದು ಮಾತು ಹೇಳಬಹುದಿತ್ತು,” ಎಂದು ಅವರು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. “ಹೇಳಿದ್ದರೆ, ಇವಳನ್ನು ಕರೆತರಬೇಕೋ ಬೇಡವೋ ಎಂದು ನಾನೇ ಯೋಚಿಸುತ್ತಿದ್ದೆ.”

ಮುಂದೆ ಪ್ರತಿ ಪ್ರಿಂಟನ್ನೂ ಮೊದಲು ಪೂರ್ತಿ ನೋಡುವುದು, ಇಂಥದ್ದಿದ್ದರೆ ಬಾಗಿಲಲ್ಲೇ ಪ್ರೇಕ್ಷಕರಿಗೆ ತಿಳಿಸುವುದು ನಮ್ಮಲ್ಲಿ ರೂಢಿಯಾಯಿತು. ಜನರ ಪರವಾಗಿ ನಾವೇ ನಿರ್ಧರಿಸಿ ಮುಚ್ಚಿಡುವುದು ಕಾಳಜಿಯಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ಆದರೆ ಅಂದು ಹೊರಡುವಾಗ ಇದ್ರಿಸ್ ಇನ್ನೊಂದು ಮಾತು ಹೇಳಿದ್ದರು.

“ಅವಳಿಗೆ ಆ ದನಿ ತುಂಬ ಹಿಡಿಸಿದೆ. ಅದು ಯಾರನ್ನು ಅಣಕಿಸುತ್ತಿದೆ ಎಂದು ಮನೆಗೆ ಹೋಗಿ ಈಗ ನಾನು ಹೇಳಬೇಕು.”